ಮೂವತ್ತೊಂದನೆಯ ಕ್ಯಾಸೆಟ್

ಕಳೆದ ವರ್ಷ ಫೆಬ್ರವರಿ ಹದಿನೆಂಟು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನನ್ನ ದಿನಚರಿಯಲ್ಲಿ ಇಷ್ಟು ಬರೆದು, ಕೆಳಗೆ ‘ಮುಮ್ತಾಜಕ್ಕ ಬಂದರು’ ಎಂದಿದೆ. ಉಳಿದ ಪುಟ ಖಾಲಿ. ದಿನದ ಕೆಲಸ ಎಷ್ಟಾಯಿತು, ಎಷ್ಟು ಉಳಿಯಿತು ಎಂದು ಬರೆದಿಡದೆ ಮಲಗದ ನನಗೆ ಅಂದು ಮಾತ್ರ ಏನೂ ಬರೆಯಲಾಗಲಿಲ್ಲ.

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ಯಾರದೋ ಹೆಜ್ಜೆ ಸದ್ದು ಕೇಳಿತೆಂದು ಹೇಳಿಕೊಂಡರೆ, ಎಷ್ಟು ಗಂಟೆಗೆ, ಬೇರೆ ಯಾರಿಗೆ ಕೇಳಿತು ಎಂದು ಪ್ರಶ್ನೆ ಹಾಕಿ ಅವರ ಕಥೆ ಕೆಡಿಸುತ್ತಿದ್ದೆ. ಈಗ ನೀವು ಅವೇ ಪ್ರಶ್ನೆಗಳನ್ನು ನನಗೆ ಹಾಕಿದರೆ ಬೇಸರವಿಲ್ಲ. ನಾನೂ ಹಾಕಿಕೊಂಡು ನೋಡಿದ್ದೇನೆ.

ಚನ್ನಪಟ್ಟಣದಲ್ಲಿ ಬೊಂಬೆ ಕೆಲಸದವರ ಹಳೆಯ ದಾಖಲೆಗಳನ್ನು ಕೂಡಿಟ್ಟ ಎರಡು ಕೋಣೆಯ ಸಂಗ್ರಹವೊಂದಿದೆ. ಕೆಳಗೆ ಸೈಕಲ್ ಅಂಗಡಿ, ಮೇಲೆ ನಾವು. ಸಣ್ಣ ಊರುಗಳ ಇಂಥ ಸಂಗ್ರಹಗಳನ್ನು ಕಂಪ್ಯೂಟರಿಗೆ ಏರಿಸಿ ಜನರಿಗೆ ತೆರೆದಿಡಲೆಂದು ಟ್ರಸ್ಟೊಂದು ಅನುದಾನ ಕೊಟ್ಟಿತ್ತು. ಆ ಕೆಲಸಕ್ಕೆ ಸೇರಿಕೊಂಡವಳು ನಾನು. ಫೋಟೊಗಳು, ಮಾದರಿ ಚಿತ್ರಗಳು ಬೇಗ ಮುಗಿದವು. ಉಳಿದದ್ದು ಕ್ಯಾಸೆಟ್‌ಗಳು. ಹಿಂದೆ ಇಲ್ಲಿನ ಹೈಸ್ಕೂಲಿನಲ್ಲಿದ್ದ ಮೇಷ್ಟ್ರೊಬ್ಬರು ರಜೆಯಲ್ಲಿ ಟೇಪ್ ರೆಕಾರ್ಡರ್ ಹೊತ್ತು ಬೊಂಬೆ ಕಡೆಯುವವರ ಮನೆಮನೆಗೆ ಹೋಗಿ ಅವರ ಮಾತು ತುಂಬಿಸಿಕೊಂಡು ಬಂದಿದ್ದರು. ಬೂಷ್ಟು ಹಿಡಿದ ಟೇಪುಗಳು ಒಂದು ಸಲ ಓಡುವಷ್ಟರಲ್ಲಿ ಪುಡಿಪುಡಿಯಾಗಿ ಉದುರುತ್ತಿದ್ದವು. ಆ ಒಂದು ಸಲದಲ್ಲೇ ಧ್ವನಿ ಹಿಡಿದುಕೊಳ್ಳಬೇಕಿತ್ತು.

ಹಿಡಿದುಕೊಂಡ ಮೇಲೆ ಧ್ವನಿಯನ್ನು ಶುಚಿ ಮಾಡಬೇಕು. ಅದಕ್ಕೊಂದು ರೂಢಿಯಿದೆ. ಟೇಪಿನ ಮೊದಲ ಕೆಲವು ಸೆಕೆಂಡುಗಳಲ್ಲಿ ಯಾರೂ ಮಾತಾಡಿರುವುದಿಲ್ಲ, ಬರೀ ಗೊರಗೊರ ಇರುತ್ತದೆ. ಅದನ್ನು ಮಾದರಿಯಾಗಿ ತೋರಿಸಿ, ಇಂಥದ್ದು ಎಲ್ಲಿದ್ದರೂ ತೆಗೆ ಎಂದರೆ ಕಂಪ್ಯೂಟರ್ ತೆಗೆದುಹಾಕುತ್ತದೆ. ಒಂದೊಂದನ್ನೂ ಕೇಳಿ ಮಾಡಬೇಕಾದ ಕೆಲಸ ಅದು. ಅನುದಾನದ ಗಡುವು ಹತ್ತಿರ ಬಂದಿತ್ತು. ನಾನು ಕೊನೆಯ ಹನ್ನೆರಡನ್ನು ಒಟ್ಟಿಗೆ ಹಚ್ಚಿ, ಸದ್ದು ತೆಗೆಯುವ ಅಳತೆ ಪೂರ್ತಿ ಏರಿಸಿ, ಊಟಕ್ಕೆ ಹೋದೆ. ಬಂದು ನೋಡಿದರೆ ಕೆಲಸ ಮುಗಿದಿತ್ತು. ಹಳೆಯ ಕಡತಗಳ ಮೇಲೆಯೇ ಹೊಸವು ಕೂತು, ಮೂಲ ಧ್ವನಿ ಅಳಿಸಿಹೋಗಿತ್ತು. ಪಟ್ಟಿಯಲ್ಲಿ ಹನ್ನೆರಡಕ್ಕೂ ‘ಧ್ವನಿ ಸ್ಪಷ್ಟ’ ಎಂದು ತುಂಬಿದೆ.

ಅವುಗಳಲ್ಲಿ ಮೂವತ್ತೊಂದನೆಯದು ಮುಮ್ತಾಜಕ್ಕನ ತಂದೆಯದು. ಅವರು ಬೊಂಬೆ ಕಡೆಯುವ ಲೇತಿನ ಮುಂದೆ ಕೆಲಸ ಮಾಡುತ್ತಲೇ ಮಾತಾಡುತ್ತಿದ್ದವರು. ಆ ಟೇಪು ಶುರುವಾಗುವುದೇ ಲೇತ್ ತಿರುಗುವ ಸದ್ದಿನಿಂದ. ನಾನು ಮಾದರಿಯೆಂದು ತೋರಿಸಿದ್ದು ಆ ಸದ್ದನ್ನು. ಕಂಪ್ಯೂಟರ್ ಲೇತನ್ನು ತೆಗೆಯಿತು, ಅದರ ಅಡಿಯಲ್ಲಿದ್ದ ಮೆಲುದನಿಯನ್ನೂ ತೆಗೆಯಿತು. ಇಪ್ಪತ್ತೆರಡು ನಿಮಿಷಗಳ ಆ ಕಡತದಲ್ಲಿ, ಪರದೆಯ ಮೇಲೆ ಧ್ವನಿ ತೋರಿಸುವ ಗೆರೆ ಒಂದು ಕಡೆಯೂ ತಲೆ ಎತ್ತದೆ ಚಪ್ಪಟೆಯಾಗಿ ಮಲಗಿದೆ. ಮುಮ್ತಾಜಕ್ಕ ಮೆಟ್ಟಿಲು ಹತ್ತಿ ಬಂದು ಕೇಳುವವರೆಗೆ ನಾನು ಅದನ್ನು ತೆರೆದೂ ನೋಡಿರಲಿಲ್ಲ.

ಅವರು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ವರ್ಷಗಟ್ಟಲೆ ಕೆಲಸ ಮಾಡಿದವರು. ಯಂತ್ರದ ಸದ್ದಿಗೆ ಬಲಗಿವಿ ಹೋಗಿದೆ, ಎಡಗಿವಿಯೂ ಹೋಗುತ್ತಿದೆ, ಹೆಚ್ಚು ದಿನ ಉಳಿಯುವುದಿಲ್ಲ ಎಂದಿದ್ದಾರಂತೆ ಡಾಕ್ಟರು. ಹತ್ತು ವರ್ಷದವರಿದ್ದಾಗ ತೀರಿಕೊಂಡ ತಂದೆಯ ದನಿ ಬೇರೆಲ್ಲೂ ಇಲ್ಲ. ಕಿವಿ ಪೂರ್ತಿ ಮುಚ್ಚುವ ಮೊದಲು ಒಂದು ಸಲ ಕೇಳಿಬಿಡಬೇಕು ಎಂದರು. ಹೇಳಿದ್ದು ಜೋರಾಗಿ, ಕಿವಿ ಕೇಳದವರು ಮಾತಾಡುವ ಹಾಗೆ.

ಕಡತ ತೆರೆದೆ. ಗೆರೆ ನೋಡಿದ ತಕ್ಷಣ ಏನಾಗಿದೆಯೆಂದು ತಿಳಿಯಿತು. ಹೇಳಬೇಕಿತ್ತು. ಅಷ್ಟರಲ್ಲಿ ಅವರು ಹೆಡ್‌ಫೋನನ್ನು ತಾವೇ ಎತ್ತಿ ಎಡಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿಯಾಗಿತ್ತು. ಕಡತವನ್ನು ಓಡಲು ಬಿಟ್ಟೆ. ಒಂದು ನಿಮಿಷ ನೋಡಿ, ಏನೂ ಕೇಳಿಸುತ್ತಿಲ್ಲ ಎಂದು ಅವರೇ ಹೇಳಲಿ, ತಪ್ಪನ್ನು ತಮ್ಮ ಕಿವಿಯ ಮೇಲೆ ಹಾಕಿಕೊಳ್ಳಲಿ ಎಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗ ಅಂದುಕೊಂಡದ್ದು ಅದನ್ನೇ.

ಅವರು ಹಾಗೆ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಲೆಯಾಡಿಸತೊಡಗಿದರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

“ಮೇಕೆ ನುಗ್ಗ್‌ಬುಟ್ಟೈತೆ ಬೇಟಿ, ಬೊಂಬೆ ರಾಶಿ ಮೇಲೆ. ನಮ್ಮಬ್ಬ ಅದಕ್ಕೆ ‘ಬನ್ನಿ ಮೇಷ್ಟ್ರೇ, ನೀವೂ ಒಸಿ ಮಾತಾಡಿ’ ಅಂತಾವ್ರೆ.”

ನಾನು ಪರದೆ ನೋಡಿದೆ. ಗೆರೆ ಮಲಗಿಯೇ ಇತ್ತು. ಪರದೆ ನನ್ನ ಕಡೆ ತಿರುಗಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಆದರೂ ಇಪ್ಪತ್ತೆರಡನೆಯ ನಿಮಿಷ ತುಂಬಿದ ಕ್ಷಣಕ್ಕೆ ಸರಿಯಾಗಿ ಅವರು ಹೆಡ್‌ಫೋನ್ ತೆಗೆದು, ಮುಗೀತು ಎಂದರು. ನನ್ನ ಎರಡೂ ಕೈ ಹಿಡಿದು ದೇವರು ಒಳ್ಳೆಯದು ಮಾಡಲಿ ಎಂದರು. ಮಗಳ ಮೊಬೈಲಿಗೆ ಹಾಕಿಕೊಡಲು ಕೇಳಿದರು. ಹಾಕಿಕೊಟ್ಟೆ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು, ಅದೇ ಹೆಡ್‌ಫೋನಿನಲ್ಲಿ, ಎಡಗಿವಿಯಲ್ಲಿ, ಕಣ್ಣು ಮುಚ್ಚಿಕೊಂಡು ಇಪ್ಪತ್ತೆರಡು ನಿಮಿಷವೂ ಕೇಳಿದೆ. ನನ್ನ ಉಸಿರು ಬಿಟ್ಟರೆ ಏನೂ ಇರಲಿಲ್ಲ.

ಕೆಡುವ ಕಿವಿಯಲ್ಲಿ ತಾನಾಗಿಯೇ ಸದ್ದು ಏಳುವುದುಂಟು, ಅದಕ್ಕೆ ಮನಸ್ಸು ಮಾತು ಜೋಡಿಸಿಕೊಂಡಿದೆ ಎಂದು ಸಮಾಧಾನ ಮಾಡಿಕೊಂಡೆ. ಎರಡು ವಾರ ಕಳೆದ ಮೇಲೆ, ಮೇಷ್ಟ್ರ ಹತ್ತಿರ ಟೇಪಿನ ಇನ್ನೊಂದು ಪ್ರತಿ ಇದ್ದೀತು ಎಂಬ ಆಸೆಯಿಂದ ರಾಮನಗರದಲ್ಲಿ ಬಸ್ಸು ಬದಲಿಸಿ ಮಾಗಡಿಗೆ ಹೋದೆ. ನಿವೃತ್ತರಾದ ಮೇಲೆ ಅವರು ಅಲ್ಲಿದ್ದಾರೆ. ಪ್ರತಿ ಇರಲಿಲ್ಲ. ಆದರೆ ಆ ಟೇಪು ಮಾಡಿದ ದಿನ ಚೆನ್ನಾಗಿ ನೆನಪಿತ್ತು. ಮುಮ್ತಾಜಕ್ಕನ ತಂದೆಯ ಹೆಂಡತಿ ಮಕ್ಕಳು ಕನಕಪುರಕ್ಕೆ ಮದುವೆಗೆ ಹೋಗಿದ್ದರು, ಮನೆಯಲ್ಲಿ ಆತ ಮತ್ತು ಮೇಷ್ಟ್ರು ಇಬ್ಬರೇ. ಅದಾಗಿ ಎರಡೇ ದಿನಕ್ಕೆ ಎದೆನೋವು ಬಂದು ಆತ ಹೋದರು, ಹೆಂಡತಿ ಮಕ್ಕಳು ಬಂದದ್ದು ಮಣ್ಣಿಗೆ. ಅಷ್ಟು ಹೇಳಿದವರು, ಕಾಫಿ ಕುಡಿದು ಲೋಟ ಕೆಳಗಿಡುತ್ತ ದನಿ ತಗ್ಗಿಸಿ ಕೇಳಿದರು.

“ಒಂದು ಮೇಕೆ ನುಗ್ಗಿತ್ತಮ್ಮ ಒಳಕ್ಕೆ. ಅವನು ಅದನ್ನ ಮೇಷ್ಟ್ರೇ ಮೇಷ್ಟ್ರೇ ಅಂತ ಕರೆದು ನನ್ನ ಮಾನ ಕಳೆದ. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಅದೂ ಟೇಪಲ್ಲಿ ಬಂದ್ಬುಟ್ಟೈತಾ? ಬಂದಿದ್ರೆ ಅಷ್ಟು ಒಸಿ ಅಳಿಸ್ಬುಡು ಕಣಮ್ಮ. ಊರೆಲ್ಲ ಕೇಳ್ತಾರೆ.”

ಅಳಿಸಿದ್ದೇನೆ ಸರ್ ಎಂದೆ. ಅವರಿಗೆ ನಿರಾಳವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ, ಮೇಕೆಯ ಸಂಗತಿ ಅವರಿಗೆ ತಿಳಿದಿರಬಹುದಾದ ಎಲ್ಲ ದಾರಿಗಳನ್ನೂ ಯೋಚಿಸಿದೆ. ಮುಮ್ತಾಜಕ್ಕ ಆ ದಿನ ಮನೆಯಲ್ಲಿರಲಿಲ್ಲ. ತಂದೆ ಹೇಳಲು ಉಳಿಯಲಿಲ್ಲ. ಮೇಷ್ಟ್ರು ಯಾರಿಗೂ ಹೇಳಿಲ್ಲ. ನೆರೆಯವರು ಯಾರೋ ನೋಡಿ ಹೇಳಿರಬಹುದು, ಅದು ಮಗುವಿನ ಮನಸ್ಸಿನಲ್ಲಿ ಉಳಿದಿರಬಹುದು. ಹಾಗಾದರೆ ಇಪ್ಪತ್ತೆರಡನೆಯ ನಿಮಿಷಕ್ಕೆ ಮುಗೀತು ಎಂದದ್ದು ಹೇಗೆ?

ಅವರ ಮಗಳು ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಳು. ಅಮ್ಮನಿಗೆ ಈಗ ಕೂಗಿ ಕರೆದರೂ ಕೇಳುವುದಿಲ್ಲವಂತೆ, ಆದರೆ ಸಂಜೆ ಮೊಬೈಲನ್ನು ಕಿವಿಗಿಟ್ಟು ಕುಳಿತರೆ ಮುಖ ಬೇರೆಯೇ ಆಗುತ್ತದಂತೆ. ತಾನು ಹಾಕಿ ನೋಡಿದರೆ ಏನೂ ಕೇಳುವುದಿಲ್ಲ, ಮೊಬೈಲ್ ಹಳೆಯದು, ಸ್ಪೀಕರ್ ಕೆಟ್ಟಿರಬೇಕು ಎಂದಳು. ಇರಬಹುದು ಎಂದೆ.

ನಮ್ಮ ಜಾಲತಾಣದಲ್ಲಿ ಮೂವತ್ತೊಂದರ ಮುಂದೆ ಇನ್ನೂ ‘ಧ್ವನಿ ಸ್ಪಷ್ಟ’ ಎಂದೇ ಇದೆ. ಅದು ಸುಳ್ಳು, ನಾನೇ ಬರೆದ ಸುಳ್ಳು. ‘ಹಾಳಾಗಿದೆ’ ಎಂದು ತಿದ್ದಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ತಿದ್ದಿದ ದಿನ ಮಗಳು ಓದುತ್ತಾಳೆ, ತಾಯಿಗೆ ಹೇಳುತ್ತಾಳೆ. ಅದರಲ್ಲಿ ಏನೂ ಇಲ್ಲವೆಂದು ತಿಳಿದ ಮೇಲೂ ಅವರಿಗೆ ಕೇಳುತ್ತದೆಯೇ? ಅದನ್ನು ಪರೀಕ್ಷಿಸುವ ಧೈರ್ಯ ನನಗಿಲ್ಲ.

ಹೆಸರನ್ನು ಬದಲಿಸಿ ಬರೆದಿದ್ದೇನೆ. ಮೇಷ್ಟ್ರು ಆಗ ಒಂದೆರಡು ಟೇಪುಗಳನ್ನು ಬೇಕೆಂದು ಕೇಳಿದವರಿಗೆ ಕೊಟ್ಟಿದ್ದು, ಅವರು ಪ್ರತಿ ಮಾಡಿಕೊಂಡದ್ದುಂಟಂತೆ, ಯಾರಿಗೆಂದು ನೆನಪಿಲ್ಲ. ಚನ್ನಪಟ್ಟಣ, ದೊಡ್ಡಮಳೂರು ಕಡೆಯ ಯಾರ ಮನೆಯಲ್ಲಾದರೂ ಲೇತಿನ ಸದ್ದಿನಿಂದ ಶುರುವಾಗುವ ಹಳೆಯ ಕ್ಯಾಸೆಟ್ಟಿದ್ದರೆ, ಅಥವಾ ಇಂಥದ್ದು ಬೇರೆಲ್ಲಾದರೂ ನಡೆದದ್ದು ನಿಮಗೆ ತಿಳಿದಿದ್ದರೆ, ದಯವಿಟ್ಟು ಸಂಪಾದಕರ ವಿಳಾಸಕ್ಕೆ ಬರೆಯಿರಿ. ಈ ಮನೆಯವರು ಯಾರೆಂದು ಗುರುತು ಹಿಡಿದವರು ಮುಮ್ತಾಜಕ್ಕನಿಗೆ ಮಾತ್ರ ಹೇಳಬೇಡಿ. ಹೇಳಬೇಕಾದವಳು ನಾನು. ಇನ್ನೂ ಹೇಳಿಲ್ಲ.