ಹಾಲು ಉಕ್ಕಿದ ಮಧ್ಯಾಹ್ನ

ಶಕುನ, ಕಣ್ಣು ಹಾರುವುದು, ಕನಸಿನಲ್ಲಿ ಸುದ್ದಿ ಬರುವುದು ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ಇಂಥ ಮಾತಿಗೆ ಬೈಯುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದರು. ಆ ನಗು ನನಗೂ ಅಂಟಿಕೊಂಡಿತ್ತು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ಹಾಗೇ ನಕ್ಕುಬಿಡುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾವು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿದ್ದೆವು. ಲೀಡ್ಸ್‌ನಲ್ಲಿ ಓದುತ್ತಿದ್ದ ನನ್ನ ತಮ್ಮ ಸೋಮುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ, ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಗೇ ಅವನನ್ನು ಕರೆತಂದೆವು. ಔಷಧಿಯಿಂದ ಅವನ ಎಲುಬಿನ ಮಜ್ಜೆಯನ್ನು ಪೂರ್ತಿ ಬರಿದು ಮಾಡಿ, ಬೇರೊಬ್ಬರ ಸ್ಟೆಮ್ ಸೆಲ್, ಅಂದರೆ ರಕ್ತವನ್ನು ಹುಟ್ಟಿಸುವ ಕೋಶಗಳನ್ನು ಕೊಡಬೇಕಿತ್ತು. ಹೊಂದಿಕೆಯಾದದ್ದು ನನ್ನವು. ಕೆಲವು ದಿನ ನನಗೆ ಇಂಜೆಕ್ಷನ್ ಕೊಟ್ಟರು. ಕೋಶಗಳು ಎಲುಬು ಬಿಟ್ಟು ರಕ್ತಕ್ಕಿಳಿಯುವಾಗ ಸೊಂಟದ ಹಿಂದೆ, ಒಳಗಿನಿಂದ ಯಾರೋ ದಬ್ಬಿದಂತೆ ನೋವು. ಕೋಶಗಳನ್ನು ತೆಗೆದ ಮೇಲೆ ಅದು ಪೂರ್ತಿ ಹೋಯಿತು.

ಸಣ್ಣ ಚೀಲದಲ್ಲಿ ಟೊಮೆಟೊ ಸಾರಿನ ಬಣ್ಣದ್ದೇನೋ ಇತ್ತು. ಅದನ್ನು ಸೋಮುವಿನ ಎದೆಯ ಮೇಲಿನ ನಳಿಕೆಗೆ ತೂಗುಹಾಕಿದರು. ಎಲುಬಿಗೇ ಚುಚ್ಚುವುದಿಲ್ಲವೇ ಎಂದು ಕೇಳಿದೆ. ಬೇಡವಂತೆ. ರಕ್ತದಲ್ಲಿ ಬಿಟ್ಟರೆ ಸಾಕು, ಮಜ್ಜೆಯೇ ಅವನ್ನು ಕರೆಯುತ್ತದೆ. ಅವು ರಕ್ತನಾಳದ ಗೋಡೆಗೆ ತಾಗಿ ಉರುಳುತ್ತಾ, ಒಂದು ಕಡೆ ಅಂಟಿ ನಿಂತು, ಗೋಡೆಯ ಸಂದಿನಲ್ಲಿ ಮೈ ಹಿಂಡಿಕೊಂಡು ಒಳಗೆ ನುಸುಳುತ್ತವೆ ಎಂದು ಡಾಕ್ಟರಮ್ಮ ವಿವರಿಸಿದರು.

“ಪೋಸ್ಟ್‌ಕೋಡ್ ಇಲ್ದ ಹೆಂಗ ಮನಿ ಹುಡುಕ್ತಾವ ಅಕ್ಕಾ? ಅದರಾಗ ನಿನ್ನ ಕೋಶ ಬ್ಯಾರೆ. ದಾರ್ಯಾಗ ಸೀರಿ ಅಂಗಡಿ ಕಂಡ್ರ ಮುಗೀತು,” ಎಂದ ಸೋಮು.

“ಸುಮ್ನಿರೋ. ನಿನ್ನಂಗ ಬಸ್ ತಪ್ಪಿಸ್ಕೊಳ್ಳೂವಲ್ಲ ಅವು,” ಎಂದೆ.

ಒಂದೆರಡು ದಿನದಲ್ಲಿ ಅವು ಎಲುಬು ಸೇರುತ್ತವಂತೆ. ಆದರೆ ಅಲ್ಲಿ ನೆಲೆ ನಿಂತವೋ ಇಲ್ಲವೋ ತಿಳಿಯಲು ವಾರಗಳು ಬೇಕು. ರಕ್ತದಲ್ಲಿ ಬಿಳಿ ಕಣಗಳು ಕಂಡರೆ ನಿಂತವೆಂದು ಗುರುತು. ದಿನಾ ರಕ್ತ ನೋಡುತ್ತಿದ್ದರು, ದಿನಾ ಬಿಳಿ ಕಣಗಳಿಲ್ಲ ಎನ್ನುತ್ತಿದ್ದರು. ಡಾಕ್ಟರಮ್ಮನ ದನಿ ತಗ್ಗುತ್ತಾ ಬಂತು. ನೆಲೆ ನಿಲ್ಲದಿದ್ದರೆ ಬರಿದಾದ ಮಜ್ಜೆಯೊಂದಿಗೆ ಸೋಮು ಉಳಿಯುವುದು ಕಷ್ಟವಿತ್ತು. ಅಷ್ಟರಲ್ಲಿ ನನಗೆ ನೆಗಡಿಯಾಗಿ ವಾರ್ಡಿನೊಳಗೆ ಬಿಡುವುದನ್ನೂ ನಿಲ್ಲಿಸಿದರು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಎದುರಿಗೇ ನಿಂತು ಕಾಯುವುದು ನನ್ನ ರೂಢಿ, ಉಕ್ಕಲು ಬಿಟ್ಟವಳಲ್ಲ. ಅಂಚಿನಲ್ಲಿ ಕೆನೆ ನಡುಗತೊಡಗಿದಾಗ, ಸೊಂಟದ ಹಿಂದೆ ಅದೇ ಜಾಗದಲ್ಲಿ ನೋವು ಹಿಡಿಯಿತು. ಈ ಸಲ ಹೊರಗೆ ದಬ್ಬುವಂಥದ್ದಲ್ಲ, ಒಳಗೆ ಒತ್ತಿಕೊಂಡು ಹೋಗುವಂಥದ್ದು. ಸಿಂಕಿನ ಅಂಚು ಹಿಡಿದು ನಿಂತೆ. ಗ್ಯಾಸಿನ ಗುಂಡಿ ಪಕ್ಕದಲ್ಲೇ ಇತ್ತು, ಕೈ ಏಳಲಿಲ್ಲ. ಹಾಲು ಉಕ್ಕಿ, ಪಾತ್ರೆಯ ಮೈಮೇಲೆಲ್ಲ ಇಳಿದು, ಸೀದು, ಮನೆಯೆಲ್ಲ ವಾಸನೆ. ಆಮೇಲೆ ನೋವು ಬಂದಂತೆಯೇ ಹೋಯಿತು. ಕಿಟಕಿ ತೆರೆದು ಒಲೆ ಒರೆಸುವಾಗ ನೆನಪಾಯಿತು: ನಮ್ಮಲ್ಲಿ ಬೇಕೆಂದೇ ಹಾಲು ಉಕ್ಕಿಸುವುದು ಹೊಸ ಮನೆಗೆ ಕಾಲಿಡುವ ದಿನ.

ಸಂಜೆ ಸೋಮುವಿನ ಫೋನ್ ಬಂತು. ಬಾಯಿಹುಣ್ಣಿನಿಂದ ಮಾತು ತೊದಲುತ್ತಿತ್ತು.

“ಅಕ್ಕಾ, ಮಧ್ಯಾಹ್ನ ಸೊಂಟದಾಗ ಭಾಳ ನೋವಾತು. ಛಲೋ ಗುರುತು ಇರಬಹುದು ಅಂದ್ಲು ನರ್ಸ್.” ಆಮೇಲೆ ಕೇಳಿದ, “ಹಾಲು ಹೊತ್ತಿಸಿಯೇನು? ಆವಾಗಿಂದ ರೂಮ್ ತುಂಬ ಅದ ವಾಸನಿ.”

ನಮ್ಮ ಮನೆಯವರಿನ್ನೂ ಕೆಲಸದಿಂದ ಬಂದಿರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಅವನ ಕೋಣೆಗೆ ಸೋಸಿದ ಗಾಳಿಯನ್ನಷ್ಟೇ ಬಿಡುತ್ತಿದ್ದರು. ಔಷಧಿ ಶುರುವಾದಾಗಿನಿಂದ ಅವನಿಗೆ ಊಟದ ವಾಸನೆಯೂ ತಿಳಿಯುತ್ತಿರಲಿಲ್ಲ.

ಮರುದಿನ ಅವನ ರಕ್ತದಲ್ಲಿ ಬಿಳಿ ಕಣಗಳು ಕಂಡವು.

ಅವನ ನೋವಿಗೆ ಡಾಕ್ಟರಮ್ಮನಲ್ಲಿ ಉತ್ತರವಿತ್ತು: ಮಜ್ಜೆ ತುಂಬುವಾಗ ಹಾಗಾಗುತ್ತದಂತೆ. ನನ್ನದಕ್ಕೆ ನಮ್ಮ ಬಡಾವಣೆಯ ಜಿಪಿ ಡಾಕ್ಟರು ಚಳಿ ಎಂದರು, ನಮ್ಮ ಮನೆಯವರು ಚಿಂತೆ ಎಂದರು. ಇರಬಹುದು. ವಾಸನೆಯ ಮಾತೆತ್ತಿದಾಗ ಮಾತ್ರ ಡಾಕ್ಟರಮ್ಮ ಚಾರ್ಟ್ ತಿರುವಿದರು, ನಮ್ಮ ಮನೆಯವರು ಚಹಾ ಇಡಲು ಎದ್ದರು.

ಸೋಮು ಲೀಡ್ಸ್‌ಗೆ ಮರಳಿ ಆರಾಮಾಗಿದ್ದಾನೆ. ನಾನು ಇಂದಿಗೂ ಹಾಲಿನ ಮುಂದೆ ಕಾವಲು ನಿಲ್ಲುತ್ತೇನೆ. ಒಮ್ಮೆ ಉಕ್ಕಲು ಬಿಟ್ಟು ನೋಡಬೇಕೆಂದು ಎಷ್ಟೋ ಸಲ ಅನಿಸಿದೆ. ಕೆನೆ ನಡುಗಿದ ಕೂಡಲೇ ಒಲೆ ಆರಿಸಿಬಿಡುತ್ತೇನೆ. ಉಕ್ಕಲು ಬಿಟ್ಟರೆ, ಆಮೇಲೆ ಅವನ ಫೋನ್ ಬಂದರೂ ಭಯ, ಬಾರದಿದ್ದರೂ ಭಯ.