ಹೂಂ ಅನ್ನುವ ಕೆಲಸ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನರ್ಸಿಂಗ್ ಶಾಲೆಯ ಅಭ್ಯಾಸದ ಕೋಣೆಯಲ್ಲಿ ರಬ್ಬರ್ ಬೊಂಬೆಗಳು ಬಾಯಿ ತೆರೆದು ಮಲಗಿವೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಾತ್ರ ಉಸಿರಾಡುವ ರೋಗಿ. ಚಪ್ಪಲಿ ಮಂಚದ ಕೆಳಗೆ ಬಿಟ್ಟು, ಮುಂಗೈಗೆ ಹೆಸರಿನ ಪಟ್ಟಿ ಕಟ್ಟಿಸಿಕೊಂಡು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದಾರೆ. ಕಲ್ಲುಗುಂಡಿನ ಹಾಗಿರುವ ಈ ಹೆಂಗಸಿಗೆ ಕಾಯಿಲೆ ಏನೂ ಇಲ್ಲ. ರೋಗಿಯಾಗಿ ಮಲಗುವುದೇ ಅವರ ಉದ್ಯೋಗ.

“ಮಲಗೋದಕ್ಕೆ ಸಂಬಳಾನಾ, ನಮಗೂ ಒಂದು ಹಾಸಿಗೆ ನೋಡಿ ಅಂತಾರೆ ಜನ,” ಎಂದು ನಗುತ್ತಾರೆ. “ಮಲಗಿ ನೋಡ್ಲಿ. ಹುಡುಗಿಯರು ಪಕ್ಕಕ್ಕೆ ಹೊರಳಿಸೋವಾಗ ಮೈ ತಾನಾಗೇ ಏಳುತ್ತೆ. ಏಳಬಾರದು, ಭಾರ ಬಿಡಬೇಕು. ಕೈಲಾಗದವರ ಮೈ ಎಷ್ಟು ಭಾರ ಅಂತ ಅವರಿಗೆ ಗೊತ್ತಾಗಬೇಕಲ್ಲ.”

ಆದರೆ ಅವರ ನಿಜವಾದ ಕಸುಬು ಒಂದೇ ಅಕ್ಷರದ್ದು. ಔಷಧಿ ಕೊಡುವ ಮುನ್ನ ರೋಗಿಯ ಹೆಸರು ಹಿಡಿದು ‘ನೀವೇ ತಾನೇ?’ ಎನ್ನಬಾರದು. ‘ನಿಮ್ಮ ಹೆಸರು ಹೇಳಿ’ ಎಂದು ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯೊಂದಿಗೆ ತಾಳೆ ನೋಡಬೇಕು. ಮೊದಲು ಕಲಿಸುವ ಪಾಠ ಇದು, ಮೊದಲು ಮರೆಯುವ ಪಾಠವೂ ಇದೇ. ನಮ್ಮ ಜನರ ಹೂಂಗೆ ನೂರೆಂಟು ಅರ್ಥ. ಕೇಳಿಸಿದರೂ ಹೂಂ, ಕೇಳಿಸದಿದ್ದರೂ ಹೂಂ, ‘ಸಾಕು, ತಲೆ ತಿನ್ನಬೇಡ’ ಎನ್ನುವುದಕ್ಕೂ ಹೂಂ. ಹಾಗಾಗಿ ಪಕ್ಕದ ಹಾಸಿಗೆಯ ಬೊಂಬೆಗಿಟ್ಟ ಹೆಸರು ಹಿಡಿದು ಕೇಳಿದರೂ ಇವರು ಹೂಂ ಎನ್ನುತ್ತಾರೆ. ಹಳ್ಳಕ್ಕೆ ಬಿದ್ದ ಹುಡುಗಿಯರೆಲ್ಲ ಸೇರಿ ಇವರಿಗೆ ‘ಹೂಂ ಅಜ್ಜಿ’ ಎಂದು ಹೆಸರಿಟ್ಟಿದ್ದಾರೆ.

ಈ ಹೂಂ ಗಂಡನಿಂದ ಬಂದದ್ದು. ಅವರಿಗೆ ಕಿವಿ ಮಂದವಿತ್ತು, ಹೇಳಿಕೊಳ್ಳಲು ಸಂಕೋಚ. “ಏನಂದ್ರೂ ಹೂಂ ಅನ್ನೋರು. ಮದುವೆಗೂ ಕೇಳಿಸದೇನೇ ಒಪ್ಕೊಂಡ್ರೇನೋ ಅಂತ ರೇಗಿಸ್ತಿದ್ದೆ. ಅದಕ್ಕೂ ಹೂಂ.”

ಹರ್ನಿಯಾ ಆಪರೇಷನ್ನಿಗೆಂದು ಅವರು ಆಸ್ಪತ್ರೆ ಸೇರಿದ್ದಾಗ, ಹೊಸದಾಗಿ ಕೆಲಸಕ್ಕೆ ಬಂದಿದ್ದ ನರ್ಸ್ ಪಕ್ಕದ ಹಾಸಿಗೆಯವರ ಹೆಸರು ಹೇಳಿ ನೀವೇ ತಾನೇ ಎಂದಳು. ಅವರು ಹೂಂ ಅಂದರು. ಪಕ್ಕದ ಸಕ್ಕರೆ ಕಾಯಿಲೆಯವರಿಗೆ ಕೊಡಬೇಕಿದ್ದ ಇನ್ಸುಲಿನ್ ಗಂಡನ ಮೈಗೆ ಹೋಯಿತು. ರಕ್ತದ ಸಕ್ಕರೆ ಇಳಿದು ಮಂಪರಿಗೆ ಜಾರಿದವರನ್ನು ನಿದ್ದೆ ಹತ್ತಿತೆಂದು ಎಲ್ಲರೂ ಬಿಟ್ಟರು. ಹೆಂಡತಿಯೂ ಸದ್ದು ಮಾಡದೆ ಕೂತಿದ್ದರು. ಗಂಡ ಮತ್ತೆ ಏಳಲಿಲ್ಲ.

ಆ ನರ್ಸಿನ ಮೇಲೆ ಕೋಪವಿಲ್ಲವೇ ಎಂದರೆ ಮುಂಗೈಯ ಪಟ್ಟಿ ಸರಿಮಾಡಿಕೊಳ್ಳುತ್ತಾರೆ. “ಇತ್ತು. ಎಷ್ಟು ವರ್ಷ ಅಂತ ಹೊತ್ಕೊಂಡು ತಿರುಗೋದು? ಮನೇಲಿ ಈಗ ನಾನೇನಂದ್ರೂ ಹೂಂ ಅನ್ನೋರಿಲ್ಲ, ಅದೇ ಕಷ್ಟ. ರೇಡಿಯೋ ಇದೆ. ಅದು ಮಾತಾಡುತ್ತೆ, ಕೇಳಿಸ್ಕೊಳ್ಳಲ್ಲ.” ಮಕ್ಕಳಿಲ್ಲ. ಶಾಲೆಗೆ ರಜೆ ಬಂದರೆ ಇವರನ್ನು ಯಾರೂ ಮುಟ್ಟುವುದೂ ಇಲ್ಲ, ಮಾತಾಡಿಸುವುದೂ ಇಲ್ಲ.

ತಮ್ಮವಳೆಂದು ಇವರಿಗೆ ಇರುವವಳು ಒಬ್ಬಳೇ, ಎಲ್ಲರೂ ಉದ್ದಜಡೆ ಎಂದು ಕರೆಯುವ ವಿದ್ಯಾರ್ಥಿನಿ. ಪಾಠ ಮುಗಿದು ಉಳಿದವರು ಊಟಕ್ಕೆ ಓಡಿದರೂ ಅಜ್ಜಿಯ ತಲೆ ಬಾಚುತ್ತಾ ಮನೆಯ ಸುದ್ದಿಯೆಲ್ಲ ಹೇಳುತ್ತಾಳೆ. ಈ ಬೆಳಿಗ್ಗೆ ಅವಳದೇ ಪರೀಕ್ಷೆ. ಒಮ್ಮೆ ಫೇಲಾಗಿದ್ದಾಳೆ. ಇವತ್ತೂ ತಪ್ಪಿದರೆ ವಾರ್ಡಿಗೆ ಬಿಡುವುದಿಲ್ಲ, ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋಗಿ ಮುಂದಿನ ವರ್ಷದ ಪರೀಕ್ಷೆಗೆ ಕಾಯಬೇಕು.

ಹುಡುಗಿ ಟ್ರೇ ಹಿಡಿದು ಬರುತ್ತಾಳೆ. ಕೈ ತೊಳೆಯುತ್ತಾಳೆ, ಮಂಚದ ಚಕ್ರಕ್ಕೆ ಲಾಕ್ ಹಾಕುತ್ತಾಳೆ, ಎಲ್ಲ ಸರಿ. ಟ್ರೇಯಲ್ಲಿ ಟೀಚರ್ ಬೇಕೆಂದೇ ಪಕ್ಕದ ಹಾಸಿಗೆಯ ಬೊಂಬೆಯ ಹೆಸರಿನ ಔಷಧಿ ಇಟ್ಟಿದ್ದಾರೆ. ಅಜ್ಜಿಯ ಕೈಪಟ್ಟಿಯಲ್ಲಿ ಪರೀಕ್ಷೆಗೊಂದು ಹೊಸ ಹೆಸರು, ಆದರೂ ದಿನಾ ತಲೆ ಬಾಚುವ ಅಜ್ಜಿಯನ್ನು ಹೆಸರೇನು ಎಂದು ಕೇಳುವುದಕ್ಕೆ ಹುಡುಗಿಗೆ ನಾಚಿಕೆ. ಔಷಧಿ ಚೀಟಿಯ ಮೇಲಿದ್ದ ಹೆಸರನ್ನು ಓದಿ, ನಕ್ಕು, “ನೀವೇ ತಾನೇ ಅಜ್ಜಿ?” ಎನ್ನುತ್ತಾಳೆ.

ಅಜ್ಜಿ ಕಣ್ಣು ಮುಚ್ಚುತ್ತಾರೆ. ಒಂದು ಕೆಮ್ಮು ಕೆಮ್ಮಿದ್ದರೆ ಹುಡುಗಿಗೆ ಎಚ್ಚರವಾಗುತ್ತಿತ್ತು. ಕೋಣೆಯಲ್ಲಿ ತಮ್ಮ ಕಡೆಯವರೆಂದರೆ ಅವಳೊಬ್ಬಳೇ, ಅದೂ ಅಜ್ಜಿಗೆ ಗೊತ್ತು.

“ಹೂಂ.”

ಬಣ್ಣದ ನೀರಿನ ಲೋಟ ತುಟಿಯ ಹತ್ತಿರ ಬಂದಾಗ ಟೀಚರ್ “ನಿಲ್ಲಿಸಿ” ಎನ್ನುತ್ತಾರೆ. ಹುಡುಗಿ ಅಜ್ಜಿಯ ಮುಖ ನೋಡುತ್ತಾಳೆ, ಟ್ರೇ ಕೆಳಗಿಟ್ಟು ಹೊರಗೆ ಹೋಗುತ್ತಾಳೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಜ್ಜಿ ಕಾರಿಡಾರಿಗೆ ಬಂದಾಗ ಅವಳು ಗೋಡೆಯ ಕಡೆ ತಿರುಗಿ ನಿಲ್ಲುತ್ತಾಳೆ.

ಗೇಟಿನವರೆಗೆ ಅಜ್ಜಿ ಒಬ್ಬರೇ ನಡೆಯುತ್ತಾರೆ. ಕೆಮ್ಮಬಹುದಿತ್ತಲ್ಲ ಎಂದು ಕೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

“ಕೆಮ್ಮಬಹುದಿತ್ತು. ನಮ್ಮ ಯಜಮಾನ್ರು ಕೆಮ್ಮಲಿಲ್ಲವಲ್ಲ.” ಮತ್ತೆ ನಾಲ್ಕು ಹೆಜ್ಜೆ ನಡೆದು ಹೇಳುತ್ತಾರೆ, “ನನ್ನ ಜೊತೆ ಮಾತು ಬಿಟ್ರೆ ಬಿಡ್ಲಿ. ಓದು ಮಾತ್ರ ಬಿಡದಿರ್ಲಿ. ಹೆಸರು ಕೇಳದೆ ಇನ್ನು ಯಾರಿಗೂ ಔಷಧಿ ಕೊಡಲ್ಲ ಅವಳು.”