ಮೈಲಾರಿ ಗೌಂಡಿ ಹಾಳು ಮಾಡದ ವೋಟು

ನಾಸಿಕದಲ್ಲಿ ಇಪ್ಪತ್ತು ವರ್ಷದಿಂದ ಗೌಂಡಿ ಕೆಲಸ ಮಾಡುವ ಮೈಲಾರಿಗೆ ಏನನ್ನೂ ಹಾಳು ಮಾಡಿ ಗೊತ್ತಿಲ್ಲ. ಇಟ್ಟಿಗೆ ಒಡೆದರೆ ಅರ್ಧ ತುಂಡಿಗೂ ಗೋಡೆಯಲ್ಲಿ ಜಾಗ ಹುಡುಕುತ್ತಾನೆ. ಕೆಳಗೆ ಉದುರಿದ ಗಾರೆಯನ್ನು ಕರಣಿಯಿಂದ ಬಳಿದು ಮತ್ತೆ ಬುಟ್ಟಿಗೆ ಹಾಕುತ್ತಾನೆ. ಒಳ್ಳೆಯ ಗುಣವೇ, ಆದರೆ ಅದೇ ಅವನ ಮಾನ ಕಳೆಯಿತು.

ಮೂರು ವರ್ಷದ ಹಿಂದೆ ಅವನ ಹೆಂಡತಿ ಲಕ್ಷ್ಮವ್ವ ಗಾರೆ ಹೊರುವಾಗ ಕಟ್ಟಡದ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡಳು. ಗುತ್ತಿಗೆದಾರ ಫೋನ್ ಎತ್ತಲಿಲ್ಲ. ದೊಡ್ಡ ಪಕ್ಷದವರು ನೋಡೋಣ ಎಂದರು. ಬಂದವಳು ಕಸ್ತೂರಿಬಾಯಿ, ಸೊಲ್ಲಾಪುರ ಕಡೆಯ ಕನ್ನಡದ ಹೆಂಗಸು, ಕೂಲಿಕಾರರದೊಂದು ಪುಟ್ಟ ಪಕ್ಷ ಕಟ್ಟಿಕೊಂಡವಳು. ಎರಡು ದಿನ ಗುತ್ತಿಗೆದಾರನ ಗೇಟಿನ ಮುಂದೆ ಕುಳಿತು, ಕಾಲಿನ ಆಪರೇಶನ್‌ಗೆ ಹಣ ಕೊಡಲು ಅವನನ್ನು ಒಪ್ಪಿಸಿಯೇ ಎದ್ದಳು. ಅವಳು ವಿಧಾನಸಭೆಗೆ ನಿಂತಾಗ ಮೈಲಾರಿ, ಯಾರೂ ಕೇಳದಿದ್ದರೂ, ಭಂಡಾರ ಮುಟ್ಟಿ ತನ್ನ ವೋಟು ಅವಳಿಗೇ ಎಂದ. ಮೈಲಾರಲಿಂಗನ ಒಕ್ಕಲಿನವನು ದೇವರ ಅರಿಶಿನ ಮುಟ್ಟಿ ಆಡಿದ ಮೇಲೆ ಮುಗಿಯಿತು, ಅದಕ್ಕೆ ಎದುರು ಮಾತಿಲ್ಲ.

ಆದರೆ ಕೂಲಿಯವರು ನಿಲ್ಲುವ ನಾಕಾದಲ್ಲಿ ದಿನವೂ ಒಂದೇ ಮಾತು: ಅವಳು ಗೆಲ್ಲುವುದಿಲ್ಲ, ಅವಳಿಗೆ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೈಲಾರಿ ಎಂಟು ದಿನ ಹೊಯ್ದಾಡಿದ. ಸೋಲುವವಳಿಗೆ ಹಾಕಿದರೆ ವೋಟು ಹಾಳು, ಹಾಕದಿದ್ದರೆ ಮಾತು ಹಾಳು. ಮತದಾನದ ಬೆಳಿಗ್ಗೆ, ಗೆಲ್ಲುವವರ ಗುಂಡಿಯನ್ನೇ ಒತ್ತೋಣ ಎಂದು ಹೆಂಡತಿಗೂ ಹೇಳಿದ. ಲಕ್ಷ್ಮವ್ವ ತನ್ನ ವೋಟಿನ ಚೀಟಿ ತೆಗೆದುಕೊಂಡು ಕುಂಟುತ್ತ ಅವನ ಜೊತೆ ಹೊರಟಳು. ಅವನು ಅಂದುಕೊಂಡದ್ದನ್ನೇ ಒತ್ತಿ ಬಂದ, ಅವಳೂ ತನ್ನದನ್ನು ಹಾಕಿ ಬಂದಳು. ರಾಜಕೀಯ ದೇವರಿಗೂ ಗೊತ್ತಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಎಣಿಕೆಯ ಮರುದಿನ ಕಸ್ತೂರಿಬಾಯಿ ಅವರ ತಗಡಿನ ಮನೆಗೆ ಬಂದಳು. ಹೀನಾಯವಾಗಿ ಸೋತಿದ್ದಳು. ಯಾವ ಬೂತಿನಲ್ಲಿ ಎಷ್ಟು ಬಿದ್ದಿದೆ ಎಂದು ಬರೆದುಕೊಂಡ ಚೀಟಿ ಕೈಯಲ್ಲಿತ್ತು.

“ನಿಮ್ಮ ಬೂತಿನಾಗ ನನಗ ಬಿದ್ದದ್ದು ಒಂದೇ ವೋಟು, ಮೈಲಾರಿ. ಎಲ್ಲಾರೂ ಹಾಕ್ತೀವಿ ಅಂದಿದ್ರು. ಭಂಡಾರ ಮುಟ್ಟಿದಾಂವ ನೀ ಒಬ್ಬನೇ. ಈ ಒಂದರ ಸಲುವಾಗಿ ಮುಂದಿನ ಸಲಾನೂ ನಿಲ್ತೀನಿ.”

ಆ ಒಂದು ಯಾರದೆಂದು ಮೈಲಾರಿಗೆ ತಕ್ಷಣ ತಿಳಿಯಿತು. ಹೆಂಡತಿ ಮಡಚಲಾಗದ ಕಾಲನ್ನು ಚಾಚಿ ಒಲೆಯ ಬಳಿ ಕುಳಿತಿದ್ದಳು. ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು. ತನ್ನದಲ್ಲ ಎನ್ನಬೇಕು, ಈಗಲೇ ಎನ್ನಬೇಕು ಎಂದುಕೊಂಡ.

ಲಕ್ಷ್ಮವ್ವ ಗಂಡನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕಸ್ತೂರಿಬಾಯಿಯತ್ತ ತಿರುಗಿ, “ಹೌದ್ರಿ ಅಕ್ಕಾರ, ನಮ್ಮ ಮನಿಯವ್ರು ಕೊಟ್ಟ ಮಾತಿಗೆ ತಪ್ಪೂದಿಲ್ರಿ” ಎಂದಳು.

ಕಸ್ತೂರಿಬಾಯಿ ಎದ್ದು ಮೈಲಾರಿಗೆ ಕೈ ಮುಗಿದಳು. ಅವನೂ ಮುಗಿದ.